ಸಿಡ್ನಿಯಿಂದ ಮೆಲ್ಬರ್ನ್‌ಗೆ, ಕಂಟ್ರೋಲರ್ ಹುಡುಗರನ್ನು ಹುಡುಕಿಕೊಂಡು

ಶನಿವಾರ, ಸಿಡ್ನಿ

ಬೆಂಗಳೂರಿನಿಂದ ಸಿಡ್ನಿಗೆ ಈಗ ನೇರ ವಿಮಾನ ಇದೆ. 2022ರ ಸೆಪ್ಟೆಂಬರ್‌ನಲ್ಲಿ ಕ್ವಾಂಟಾಸ್ ಶುರು ಮಾಡಿದ್ದು. ಸಂಜೆ ದೇವನಹಳ್ಳಿಯಲ್ಲಿ ಹತ್ತಿದರೆ ಮಾರನೇ ದಿನ ಊಟದ ಹೊತ್ತಿಗೆ ಸಿಡ್ನಿಯಲ್ಲಿ ಇಳಿಯಬಹುದು. 2024ರ ಏಪ್ರಿಲ್‌ನಲ್ಲಿ ನಾನು ಹೋದದ್ದಕ್ಕೆ ಎರಡು ಕಾರಣ. ಮೆಲ್ಬರ್ನ್‌ನಲ್ಲಿ ಅಕ್ಕ ಇದ್ದಾಳೆ, ಅವಳನ್ನು ನೋಡಿ ತುಂಬಾ ದಿನವಾಗಿತ್ತು. ಇನ್ನೊಂದು, ಕಾಲ್ ಆಫ್ ಡ್ಯೂಟಿ ಅನ್ನುವ ಬಂದೂಕಿನ ವಿಡಿಯೊ ಗೇಮ್‌ನ ಆಸ್ಟ್ರೇಲಿಯಾ ಆಟಗಾರರು ಬೆಳೆದ ಜಾಗವನ್ನು ಕಣ್ಣಾರೆ ನೋಡಬೇಕಿತ್ತು.

ಈ ಎರಡನೇ ಆಸೆ ಹಳೆಯದು. ಕನ್ಸೋಲ್ ಶೂಟರ್ ಅಂದರೆ ಪ್ಲೇಸ್ಟೇಷನ್ ಅಥವಾ ಎಕ್ಸ್‌ಬಾಕ್ಸ್‌ನಲ್ಲಿ, ಕೈಯಲ್ಲಿ ಕಂಟ್ರೋಲರ್ ಹಿಡಿದು ಆಡುವ ಬಂದೂಕಿನ ಆಟ. ನಮ್ಮಲ್ಲಿ ಇದಕ್ಕೆ ಜನ ಕಡಿಮೆ. ನಮ್ಮ ಹುಡುಗರು ಸೈಬರ್ ಕೆಫೆಯ ಕೌಂಟರ್ ಸ್ಟ್ರೈಕ್‌ನಿಂದ ಸೀದಾ ಮೊಬೈಲಿನ ಪಬ್‌ಜಿಗೆ ಹೋದರು, ಈಗ ಬಿಜಿಎಂಐ ಆಡುತ್ತಾರೆ. ನಾನು ಕನ್ಸೋಲ್ ಹಿಡಿದವನು. ಆಡಲು ಕೂತಾಗೆಲ್ಲ ಸರ್ವರ್, ಅಂದರೆ ಎಲ್ಲರ ಆಟವನ್ನು ಜೋಡಿಸುವ ಕಂಪ್ಯೂಟರ್, ಸಿಂಗಪುರದಲ್ಲಿ ಇರುತ್ತಿತ್ತು. ನಾನು ಮಾಡಿದ್ದು ಅದಕ್ಕೆ ತಡವಾಗಿ ಮುಟ್ಟುತ್ತಿತ್ತು. ಗೋಡೆಯ ಹಿಂದೆ ಓಡಿ ಅಡಗಿದ ಮೇಲೂ ಗುಂಡು ತಗಲುತ್ತಿತ್ತು. 2016ರಲ್ಲಿ ಕಾಲ್ ಆಫ್ ಡ್ಯೂಟಿ ವರ್ಲ್ಡ್ ಲೀಗ್ ನೋಡುವಾಗ ಮೈಂಡ್‌ಫ್ರೀಕ್ ಅನ್ನುವ ತಂಡ ಕಣ್ಣಿಗೆ ಬಿತ್ತು. ಆಸ್ಟ್ರೇಲಿಯಾದ್ದು. ಅಮೆರಿಕದ ದೊಡ್ಡ ತಂಡಗಳ ಎದುರು, ಭೂಮಿಯ ಇನ್ನೊಂದು ತುದಿಯಿಂದ ಬಂದ ಹುಡುಗರು ಕೂತಿದ್ದರು. ಇವರಿಗೂ ನಮ್ಮ ಹಾಗೇ ಸರ್ವರ್ ದೂರ ಅಲ್ವಾ ಅನಿಸಿತು. ಅವತ್ತಿನಿಂದ ಅದು ನನ್ನ ತಂಡ.

ಕಾಲೇಜು ಗೆಳೆಯನೊಬ್ಬ ಪ್ಯಾರಮಟ್ಟಾದಲ್ಲಿ ಇದ್ದಾನೆ. ಸಂಜೆ ಅವನು ಸಿಡ್ನಿ ಒಲಿಂಪಿಕ್ ಪಾರ್ಕ್‌ಗೆ ಕರೆದುಕೊಂಡು ಹೋದ. ಅಲ್ಲಿನ ಕ್ಯೂಡೋಸ್ ಬ್ಯಾಂಕ್ ಅರೀನಾದಲ್ಲಿ 2017ರಿಂದ 2019ರವರೆಗೆ ಕೌಂಟರ್ ಸ್ಟ್ರೈಕ್‌ನ ಐಇಎಂ ಸಿಡ್ನಿ ಟೂರ್ನಿ ನಡೆದಿತ್ತು. ಅದು ಕಂಪ್ಯೂಟರ್ ಆಟ, ನನ್ನ ಆಟ ಅಲ್ಲ. ಆದರೆ ಆ ಜನಸಮೂಹದ ಗದ್ದಲವನ್ನು ಲೈವ್‌ನಲ್ಲಿ ಕೇಳಿದವರು ಮರೆಯುವುದಿಲ್ಲ. ಶೂ ಬಿಚ್ಚಿ ಅದರಲ್ಲಿ ಬಿಯರ್ ಸುರಿದುಕೊಂಡು ಕುಡಿಯುವ ಜನ! ನಾವು ಹೋದಾಗ ಬಾಗಿಲು ಮುಚ್ಚಿತ್ತು. ಸುತ್ತ ಒಂದು ಸುತ್ತು ಹಾಕಿ ಬಂದೆವು.

ಭಾನುವಾರ, ಬಾಂಡೈನಿಂದ ಕ್ಲೋವೆಲಿ

ಬಾಂಡೈ ಕಡಲತೀರದಿಂದ ಕೂಜಿಯವರೆಗೆ ಬಂಡೆಯಂಚಿನ ದಾರಿ ಇದೆ, ಸುಮಾರು 6 ಕಿಲೋಮೀಟರ್. ಎಲ್ಲರೂ ಸಮುದ್ರ ನೋಡಲು ನಡೆಯುತ್ತಾರೆ. ನಾನು ನಡೆದದ್ದು ಕಣ್ಣಿಗೆ ಕಾಣದ ಒಂದು ವಸ್ತುವಿಗಾಗಿ.

ಬಾಂಡೈ ದಾಟಿದರೆ ಟಮರಾಮ ಅನ್ನುವ ಪುಟ್ಟ ಕಡಲತೀರ ಸಿಗುತ್ತದೆ. ಇನ್ನೂ ಮುಂದೆ ಬ್ರಾಂಟಿ, ಆಮೇಲೆ ದಿಬ್ಬದ ಮೇಲಿನ ದೊಡ್ಡ ಸ್ಮಶಾನ, ಆಮೇಲೆ ಕ್ಲೋವೆಲಿ. ಟಮರಾಮ ಮತ್ತು ಕ್ಲೋವೆಲಿಯ ಎದುರಿಗಿರುವ ಸಮುದ್ರವನ್ನು ಸರ್ಕಾರ 2007ರಲ್ಲಿ ರಕ್ಷಿತ ವಲಯ ಎಂದು ಘೋಷಿಸಿದೆ. ಅಲ್ಲಿ ಲಂಗರು ಹಾಕುವ ಹಾಗಿಲ್ಲ, ತಳಕ್ಕೆ ಬಲೆ ಎಳೆಯುವ ಹಾಗಿಲ್ಲ. ಕಾರಣ, ದೇಶವನ್ನು ಹೊರಜಗತ್ತಿಗೆ ಜೋಡಿಸುವ ಇಂಟರ್ನೆಟ್ ಕೇಬಲ್‌ಗಳು ಅಲ್ಲಿ ನೀರಿನಡಿ ಮಲಗಿವೆ. ಸಿಡ್ನಿಯ ಉತ್ತರಕ್ಕೆ ನ್ಯಾರಬೀನ್‌ನಲ್ಲಿ ಇಂಥದೇ ಇನ್ನೊಂದು ವಲಯ ಇದೆ. ಪಶ್ಚಿಮದ ಪರ್ತ್‌ನಲ್ಲಿ ಮತ್ತೊಂದು. 2000ದಲ್ಲಿ ಶುರುವಾದ ಸದರ್ನ್ ಕ್ರಾಸ್ ಕೇಬಲ್ ಜಾಲ ಸಿಡ್ನಿಯಿಂದ ಹೊರಟು ನ್ಯೂಜಿಲೆಂಡ್, ಹವಾಯಿ ಮುಟ್ಟಿ ಅಮೆರಿಕದ ಪಶ್ಚಿಮ ಕರಾವಳಿಗೆ ಹೋಗುತ್ತದೆ.

ಟಮರಾಮದ ಮರಳಿನ ಮೇಲೆ ಕೂತು ಗೆಳೆಯನಿಗೆ ಲೆಕ್ಕ ಹೇಳಿದೆ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸಿಡ್ನಿಯಿಂದ ಲಾಸ್ ಏಂಜಲೀಸ್ ಸುಮಾರು 12,000 ಕಿಲೋಮೀಟರ್. ಹೋಗಿ ಬರಲು 24,000. ಅಂದರೆ ಏನೂ ಅಡ್ಡಿಯಿಲ್ಲದೆ ಓಡಿದರೂ 120 ಮಿಲಿಸೆಕೆಂಡ್ ಬೇಕು. ಕೇಬಲ್ ನೇರವಾಗಿ ಹೋಗುವುದಿಲ್ಲ, ನಡುವೆ ಯಂತ್ರಗಳೂ ಇವೆ. ಹಾಗಾಗಿ ನಿಜವಾದ ಪಿಂಗ್, ಅಂದರೆ ಸಂಕೇತ ಹೋಗಿ ಬರುವ ಸಮಯ, ಅದಕ್ಕಿಂತ ಜಾಸ್ತಿಯೇ. ಕಾಲ್ ಆಫ್ ಡ್ಯೂಟಿಯಲ್ಲಿ ಗುಂಡು ಸರಿಯಾಗಿ ಬಿದ್ದರೆ ಎದುರಾಳಿ ಸಾಯಲು ಸೆಕೆಂಡಿನ ಕಾಲು ಭಾಗ ಸಾಕು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಮಯವನ್ನು ಸಮುದ್ರವೇ ತಿಂದುಬಿಟ್ಟರೆ ಆಡುವುದು ಹೇಗೆ?

ಹಣ ಇದ್ದರೆ ಒಳ್ಳೆಯ ಮಾನಿಟರ್ ಕೊಳ್ಳಬಹುದು, ಒಳ್ಳೆಯ ಕೋಚ್ ಇಡಬಹುದು. ಬೆಳಕಿನ ವೇಗವನ್ನು ಯಾರೂ ಕೊಳ್ಳಲಾರರು. ಆದ್ದರಿಂದ ಆಸ್ಟ್ರೇಲಿಯಾದ ತಂಡ ಅಮೆರಿಕದ ತಂಡದ ಜೊತೆ ದಿನವೂ ಅಭ್ಯಾಸ ಪಂದ್ಯ ಆಡಲಾಗದು. ಅದೇ ನಾಲ್ಕೈದು ತಂಡಗಳು ವರ್ಷವಿಡೀ ತಮ್ಮತಮ್ಮಲ್ಲೇ ಆಡಬೇಕು. ಅವರ ಚಾಲಾಕಿತನವೆಲ್ಲ ಇವರಿಗೆ ಗೊತ್ತು, ಇವರದೆಲ್ಲ ಅವರಿಗೆ ಗೊತ್ತು. ಹೊಸ ತಂತ್ರ ಕಲಿಯಬೇಕೆಂದರೆ ವಿಡಿಯೊ ನೋಡಬೇಕು, ಇಲ್ಲ ವಿಮಾನ ಹತ್ತಬೇಕು.

ಗೆಳೆಯ ಇನ್ಶೂರೆನ್ಸ್ ಕಂಪನಿಯಲ್ಲಿ ಲೆಕ್ಕ ಬರೆಯುವವನು, ಆಟ ಆಡಿದವನಲ್ಲ. ಸ್ವಲ್ಪ ಹೊತ್ತು ನೀರು ನೋಡಿ, "ಬೆಂಗಳೂರಿಂದ ಸಿಂಗಪುರಕ್ಕೆ ಎಷ್ಟು?" ಅಂದ. ಸುಮಾರು 3,200 ಕಿಲೋಮೀಟರ್. ಪರ್ತ್‌ನಿಂದ ಸಿಡ್ನಿಗೂ ಹೆಚ್ಚುಕಮ್ಮಿ ಅಷ್ಟೇ, 3,300. "ಹಾಗಾದ್ರೆ ಪರ್ತ್‌ನೋರು ನಿನ್ನ ನೆಂಟರು ಕಣೋ" ಅಂದ. ನನಗೆ ಆ ಮಾತು ಬಹಳ ಇಷ್ಟವಾಯಿತು.

ಸೋಮವಾರ, ರೈಲಿನಲ್ಲಿ

ಸಿಡ್ನಿಯಿಂದ ಮೆಲ್ಬರ್ನ್‌ಗೆ ವಿಮಾನದಲ್ಲಿ ಒಂದೂವರೆ ಗಂಟೆ. ರೈಲಿನಲ್ಲಿ 11 ಗಂಟೆ. ನಾನು ರೈಲು ಹಿಡಿದೆ. ಗೌಲ್‌ಬರ್ನ್, ಕೂಟಮಂಡ್ರಾ, ಜೂನಿ, ವ್ಯಾಗ ವ್ಯಾಗ. ಒಣಗಿದ ಹುಲ್ಲು, ನೀಲಗಿರಿ ಮರ, ಕುರಿ. ಮತ್ತೆ ಹುಲ್ಲು, ನೀಲಗಿರಿ, ಕುರಿ. ಫೋನಿಗೆ ಸಿಗ್ನಲ್ ಬರುವುದು, ಹೋಗುವುದು. ಆಲ್ಬರಿ ಬಳಿ ಮರ್ರಿ ನದಿ ದಾಟಿದರೆ ವಿಕ್ಟೋರಿಯಾ ರಾಜ್ಯ. ಯೋಚನೆ ಮಾಡಲು ಇಷ್ಟು ಹೊತ್ತು ಬೇರೆಲ್ಲೂ ಸಿಗುವುದಿಲ್ಲ. ಮೈಂಡ್‌ಫ್ರೀಕ್ ಕಥೆಯನ್ನು ಇಲ್ಲೇ ಹೇಳಿಬಿಡುತ್ತೇನೆ.

ಕಾಲ್ ಆಫ್ ಡ್ಯೂಟಿಯ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು 2013ರಲ್ಲಿ, ಹಾಲಿವುಡ್‌ನಲ್ಲಿ. 32 ತಂಡ, 10 ಲಕ್ಷ ಡಾಲರ್ ಬಹುಮಾನ. ಆಗ ಆಡುತ್ತಿದ್ದದ್ದು ಎಕ್ಸ್‌ಬಾಕ್ಸ್ 360ರಲ್ಲಿ. 2015ರ ಕೊನೆಗೆ ಅದರ ಹೊಸ ಆವೃತ್ತಿ ಬ್ಲ್ಯಾಕ್ ಆಪ್ಸ್ 3 ಬಂದಾಗ ಟೂರ್ನಿಗಳು ಪ್ಲೇಸ್ಟೇಷನ್ 4ಕ್ಕೆ ಬದಲಾದವು. ಅದೇ ಹೊತ್ತಿಗೆ ವರ್ಲ್ಡ್ ಲೀಗ್ ಶುರುವಾಯಿತು. ಅದರಲ್ಲಿ ಮೂರು ಪ್ರಾಂತ್ಯ: ಉತ್ತರ ಅಮೆರಿಕ, ಯುರೋಪ್, ಆಸ್ಟ್ರೇಲಿಯಾ-ನ್ಯೂಜಿಲೆಂಡ್. ಇದು ಸಣ್ಣ ಮಾತಲ್ಲ. ದಕ್ಷಿಣದ ಈ ಮೂಲೆಗೆ ಮೊದಲ ಬಾರಿ ತನ್ನದೇ ಲೀಗ್ ಸಿಕ್ಕಿತು. ಸ್ವಂತ ಊರಲ್ಲಿ, ಸ್ವಂತ ಸರ್ವರ್‌ನಲ್ಲಿ ಆಡಿ ಗೆದ್ದವರಿಗೆ ಅಮೆರಿಕಕ್ಕೆ ಟಿಕೆಟ್.

ಆ ವರ್ಷಗಳಲ್ಲಿ ಇಲ್ಲಿ ಗೆಲ್ಲುತ್ತಿದ್ದದ್ದು ಮೈಂಡ್‌ಫ್ರೀಕ್. 2016ರ ಚಾಂಪಿಯನ್‌ಷಿಪ್‌ಗೆ ಲಾಸ್ ಏಂಜಲೀಸ್‌ನ ಫೋರಂಗೆ ಹೋದರು. ಅದರ ಬಹುಮಾನದ ಮೊತ್ತ 20 ಲಕ್ಷ ಡಾಲರ್. 2017ರಲ್ಲಿ ಪ್ರಾಂತ್ಯಗಳನ್ನು ಕೈಬಿಟ್ಟು, ಓಹಾಯೋದ ಕೊಲಂಬಸ್‌ನಲ್ಲಿ ಗ್ಲೋಬಲ್ ಪ್ರೊ ಲೀಗ್ ಎಂದು ಒಂದೇ ಲೀಗ್ ಮಾಡಿದರು. 16 ತಂಡಗಳು. ಉತ್ತರ ಅಮೆರಿಕದ 8, ಯುರೋಪಿನ 7, ಏಷ್ಯಾ-ಪೆಸಿಫಿಕ್‌ನದು 1. ಆ ಒಂದು ಮೈಂಡ್‌ಫ್ರೀಕ್.

ನಾನು ಅದನ್ನು ಬೆಂಗಳೂರಲ್ಲಿ ರಾತ್ರಿ ಎದ್ದು ನೋಡುತ್ತಿದ್ದೆ. ಕೊಲಂಬಸ್‌ನಲ್ಲಿ ಮಧ್ಯಾಹ್ನ ಮೂರು ಅಂದರೆ ನಮಗೆ ರಾತ್ರಿ ಹನ್ನೆರಡೂವರೆ. ಮೆಲ್ಬರ್ನ್‌ನವರಿಗೆ ಬೆಳಗಿನ ಜಾವ ಐದು. ನಾನು ಮಲಗುವ ಮುಂಚೆ, ಅವರು ಏಳುವ ಮುಂಚೆ, ಅದೇ ಪಂದ್ಯ. ಎದುರಾಳಿಗಳು ಎದ್ದು ಕಿರುಚಾಡುತ್ತಿದ್ದರು, ಇವರು ಕುರ್ಚಿ ಬಿಟ್ಟು ಏಳದೆ ಆಡುತ್ತಿದ್ದರು. ಕೆಲವು ದಿನ ದೊಡ್ಡ ತಂಡಗಳಿಗೆ ಬೆವರಿಳಿಸಿದರು, ಕೆಲವು ದಿನ ಸುಮ್ನೆ ಸೋತರು. ಟೇಬಲ್‌ನಲ್ಲಿ ಎಷ್ಟನೇ ಜಾಗ ಎನ್ನುವುದಕ್ಕಿಂತ, ಅಲ್ಲಿ ಕೂತಿದ್ದಾರಲ್ಲ ಅನ್ನುವುದೇ ನನಗೆ ದೊಡ್ಡದಾಗಿತ್ತು.

ಮೈಂಡ್‌ಫ್ರೀಕ್ ಬರೀ ಕಾಲ್ ಆಫ್ ಡ್ಯೂಟಿಯ ತಂಡ ಅಲ್ಲ. ಹೇಲೋ ಆಡಿದರು. ರೇನ್‌ಬೋ ಸಿಕ್ಸ್‌ನಲ್ಲಿ ಅವರ ತಂಡ ಎಷ್ಟು ಚೆನ್ನಾಗಿತ್ತೆಂದರೆ, 2018ರಲ್ಲಿ ಫ್ನಾಟಿಕ್ ಅನ್ನುವ ದೊಡ್ಡ ಸಂಸ್ಥೆ ಇಡೀ ತಂಡವನ್ನೇ ತನ್ನದಾಗಿಸಿಕೊಂಡಿತು.

ಆಮೇಲೆ 2020 ಬಂತು. ವರ್ಲ್ಡ್ ಲೀಗ್ ಹೋಗಿ ಕಾಲ್ ಆಫ್ ಡ್ಯೂಟಿ ಲೀಗ್ ಆಯಿತು. ಐಪಿಎಲ್ ಮಾದರಿ, ಊರಿಗೊಂದು ಫ್ರಾಂಚೈಸಿ, 12 ತಂಡ. ಅಟ್ಲಾಂಟ, ಡಲ್ಲಾಸ್, ಷಿಕಾಗೊ, ಟೊರಾಂಟೊ. ಉತ್ತರ ಅಮೆರಿಕದ ಹೊರಗೆ ಲಂಡನ್ ಮತ್ತು ಪ್ಯಾರಿಸ್ ಮಾತ್ರ. ಸಿಡ್ನಿ ಇಲ್ಲ, ಮೆಲ್ಬರ್ನ್ ಇಲ್ಲ. ಮೊದಲಿನಂತೆ ಇಲ್ಲಿ ಗೆದ್ದು ಅಲ್ಲಿಗೆ ಹೋಗುವ ನೇರ ದಾರಿ ಮುಚ್ಚಿತು. ಉಳಿದದ್ದು ಚಾಲೆಂಜರ್ಸ್ ಅನ್ನುವ ಎರಡನೇ ಹಂತ. ಇದರಲ್ಲಿ ವ್ಯಾಪಾರ ಇದೆ, ನನಗೂ ಅರ್ಥವಾಗುತ್ತದೆ. ಆದರೂ 16ರಲ್ಲಿ ಒಂದಾಗಿದ್ದ ಜಾಗ 12ರಲ್ಲಿ ಸೊನ್ನೆಯಾದದ್ದು ಅನ್ಯಾಯ ಅಂತಲೇ ನಾನು ಹೇಳುವುದು.

ಇನ್ನೊಂದು ಬದಲಾವಣೆಯೂ ಆಯಿತು. 2021ರ ಋತುವಿನಿಂದ ಲೀಗ್ ಪ್ಲೇಸ್ಟೇಷನ್ ಬಿಟ್ಟು ಕಂಪ್ಯೂಟರಿಗೆ ಹೋಯಿತು. ಕೈಯಲ್ಲಿನ ಕಂಟ್ರೋಲರ್ ಮಾತ್ರ ಹಾಗೇ ಉಳಿಯಿತು. ಆಡುವ ಕೈ ಕನ್ಸೋಲ್‌ನದೇ.

ಕತ್ತಲಾದ ಮೇಲೆ ಮೆಲ್ಬರ್ನ್‌ನ ಸದರ್ನ್ ಕ್ರಾಸ್ ನಿಲ್ದಾಣ ಬಂತು. ಅಕ್ಕ, ಭಾವ, ಅಳಿಯ ಮೂವರೂ ಬಂದಿದ್ದರು. ಅಳಿಯನಿಗೆ ಈಗ 22. ನನಗಿಂತ ಎತ್ತರ.

ಮಂಗಳವಾರ, ಮೆಲ್ಬರ್ನ್

ಫೆಡರೇಷನ್ ಸ್ಕ್ವೇರ್‌ನಲ್ಲಿ ಆಕ್ಮಿ ಅನ್ನುವ ಮ್ಯೂಸಿಯಂ ಇದೆ. ಸಿನಿಮಾ, ಟಿವಿಯ ಜೊತೆಗೆ ವಿಡಿಯೊ ಗೇಮ್‌ಗೂ ಅಲ್ಲಿ ಸರಿಸಮಾನ ಗೌರವ. ಮಕ್ಕಳು, ಅಜ್ಜಂದಿರು ಎಲ್ಲರೂ ಆಡುತ್ತಿದ್ದರು. ಇದೇ ದೇಶದಲ್ಲಿ 2013ರ ಜನವರಿ 1ರವರೆಗೆ ಗೇಮ್‌ಗಳಿಗೆ ಆರ್18+, ಅಂದರೆ ವಯಸ್ಕರಿಗೆ ಮಾತ್ರ ಅನ್ನುವ ವರ್ಗವೇ ಇರಲಿಲ್ಲ. ಸಿನಿಮಾಕ್ಕೆ ಇತ್ತು, ಗೇಮ್‌ಗೆ ಇಲ್ಲ. ಅತಿ ಹೆಚ್ಚೆಂದರೆ ಎಂಎ15+. ಅದಕ್ಕೆ ಮೀರಿದ ಆಟಕ್ಕೆ ಮಾರಾಟಕ್ಕೇ ಅನುಮತಿ ಇಲ್ಲ. 2009ರಲ್ಲಿ ಲೆಫ್ಟ್ 4 ಡೆಡ್ 2 ಅನ್ನುವ ಶೂಟರ್‌ಗೆ ಹಾಗೇ ಆಯಿತು. ರಕ್ತಪಾತ ಕತ್ತರಿಸಿದ ಮೇಲೆಯೇ ಅಂಗಡಿಗೆ ಬಂತು. ವರ್ಷಗಟ್ಟಲೆ ಆಟಗಾರರು ಇದಕ್ಕಾಗಿ ಕೇಳಿಕೊಂಡರು, ಕೊನೆಗೆ ಕಾನೂನು ಬದಲಾಯಿತು.

ಅಲ್ಲಿಂದ ಹೊರಬಂದು ಯಾರಾ ನದಿಯ ದಂಡೆಯಲ್ಲಿ ಕಾಫಿ. ಅಷ್ಟೇ ಅವತ್ತು.

ಬುಧವಾರ, ಫೋರ್ಟ್ರೆಸ್

ಸಂಜೆ ಅಳಿಯ ಲಾನ್ಸ್‌ಡೇಲ್ ಬೀದಿಯ ಎಂಪೋರಿಯಂ ಮಾಲ್‌ಗೆ ಕರೆದುಕೊಂಡು ಹೋದ. ಅಲ್ಲಿ ಫೋರ್ಟ್ರೆಸ್ ಅನ್ನುವ ದೊಡ್ಡ ಗೇಮಿಂಗ್ ಅಡ್ಡಾ ಇದೆ. ಸಾಲುಸಾಲು ಕಂಪ್ಯೂಟರ್, ಕನ್ಸೋಲ್, ಬೋರ್ಡ್ ಗೇಮ್ ಆಡುವ ಮೇಜು, ಊಟದ ಜಾಗ, ಪಂದ್ಯ ನೋಡಲು ಪುಟ್ಟ ಅರೀನಾ. ಇದು ತೆರೆದದ್ದು 2020ರ ಮಾರ್ಚ್‌ನಲ್ಲಿ. ಕೆಲವೇ ದಿನಕ್ಕೆ ಕೊರೊನಾ ಬಂದು ಬಾಗಿಲು ಹಾಕಿತು. ಮೆಲ್ಬರ್ನ್ ಒಟ್ಟು 262 ದಿನ ಲಾಕ್‌ಡೌನ್ ಕಂಡ ಊರು. ಅದೇ ಮಾರ್ಚ್‌ನಲ್ಲಿ ಕಾಲ್ ಆಫ್ ಡ್ಯೂಟಿಯ ವಾರ್‌ಝೋನ್ ಬಿಡುಗಡೆಯಾಯಿತು, ಬಿಟ್ಟಿಯಾಗಿ. ಅಳಿಯ ಆಗ ತಾನೇ 18 ದಾಟಿದ್ದ. ಕಾಲೇಜು ಮುಚ್ಚಿತ್ತು. ಅವನ ಮೂವರು ಆಪ್ತ ಗೆಳೆಯರು ಸಿಕ್ಕಿದ್ದು ಆ ಆಟದೊಳಗೆ. ಇಬ್ಬರು ಮೆಲ್ಬರ್ನ್‌ನವರು, ಒಬ್ಬ ಪರ್ತ್‌ನವನು. ಈಗ ನಾಲ್ವರೂ ಸೇರಿ ಒಂದು ತಂಡ. ಸಂಬಳವಿಲ್ಲ, ಪ್ರಾಯೋಜಕರಿಲ್ಲ. ರಾತ್ರಿ ಎಂಟರಿಂದ ಹನ್ನೊಂದರವರೆಗೆ ಅಭ್ಯಾಸ, ಸಣ್ಣ ಆನ್‌ಲೈನ್ ಟೂರ್ನಿ.

ಇಬ್ಬರೂ ಆಡಲು ಕೂತೆವು. ಅವನು ಕಂಟ್ರೋಲರ್ ಹಿಡಿಯುವ ರೀತಿಯೇ ಬೇರೆ. ಬಲಗೈ ತೋರುಬೆರಳು ಮಡಚಿ ಮೇಲಿನ ಗುಂಡಿಗಳ ಮೇಲೆ, ಹೆಬ್ಬೆರಳು ಗುರಿ ತಿರುಗಿಸುವ ಸ್ಟಿಕ್ ಬಿಟ್ಟು ಕದಲುವುದಿಲ್ಲ. ನಾನು ಗುರಿ ಇಡುವುದನ್ನು ನೋಡಿ ಹೇಳಿದ: "ಮಾಮ, ಬಲಗೈ ಸ್ಟಿಕ್ ಅಷ್ಟು ತಿರುಗಿಸಬೇಡಿ. ಎಡಗೈಯಿಂದ ಗುರಿ ಇಡಿ."

ಇದು ಕಂಟ್ರೋಲರ್ ಶೂಟರ್‌ನ ಒಳಗುಟ್ಟು. ಮೌಸ್ ಹಿಡಿದವನು ಮಣಿಕಟ್ಟು, ತೋಳು ಎಲ್ಲ ಬಳಸಿ ಗುರಿ ಇಡುತ್ತಾನೆ. ಇಲ್ಲಿ ಒಂದು ಹೆಬ್ಬೆರಳು ಮಾತ್ರ. ಅದಕ್ಕೆ ಆಟವೇ ಸ್ವಲ್ಪ ನೆರವು ಕೊಡುತ್ತದೆ, ಏಮ್ ಅಸಿಸ್ಟ್ ಅಂತ. ಎದುರಾಳಿ ಗುರಿಯ ಹತ್ತಿರ ಬಂದಾಗ, ನೀವು ಎಡ ಸ್ಟಿಕ್‌ನಿಂದ ಪಕ್ಕಕ್ಕೆ ಸರಿಯುತ್ತಿದ್ದರೆ, ಗುರಿ ಅವನ ಜೊತೆ ತಾನೂ ಕೊಂಚ ತಿರುಗುತ್ತದೆ. ನಿಂತಲ್ಲೇ ನಿಂತರೆ ಆ ನೆರವು ಸಿಗುವುದಿಲ್ಲ. ಹಾಗಾಗಿ ಒಳ್ಳೆಯ ಆಟಗಾರ ಗುಂಡು ಹೊಡೆಯುವಾಗ ನಿಲ್ಲುವುದೇ ಇಲ್ಲ. ಎಡಕ್ಕೆ, ಬಲಕ್ಕೆ, ಜಾರಿ, ಹಾರಿ. ಇದೇನು ಮೋಸದ ಆಟ, ಯಂತ್ರವೇ ಗುರಿ ಇಡುತ್ತದೆ ಅಂತ ಮೌಸ್‌ನವರು ಹಂಗಿಸುತ್ತಾರೆ. ಹಂಗಿಸುವವರು ಒಂದು ಸಂಜೆ ಅಳಿಯನ ಪಕ್ಕ ಕೂತು ನೋಡಬೇಕು. ನೆರವು ಎಲ್ಲರಿಗೂ ಒಂದೇ. ಅದನ್ನು ದುಡಿಸಿಕೊಳ್ಳುವ ಕೈ ಎಲ್ಲರದೂ ಒಂದೇ ಅಲ್ಲ.

ಹಾರ್ಡ್‌ಪಾಯಿಂಟ್ ಆಡಿದೆವು, ಕರಾಚಿ ಅನ್ನುವ ಮ್ಯಾಪ್‌ನಲ್ಲಿ, ಅಂದರೆ ಆಟದೊಳಗಿನ ಮೈದಾನದಲ್ಲಿ. ನಕ್ಷೆಯಲ್ಲಿ ಒಂದು ಚೌಕ ಹೊಳೆಯುತ್ತದೆ. ಅದರೊಳಗೆ ನಿಮ್ಮವರು ಮಾತ್ರ ಇದ್ದರೆ ಸೆಕೆಂಡಿಗೊಂದು ಅಂಕ. 60 ಸೆಕೆಂಡಿಗೊಮ್ಮೆ ಚೌಕ ಬೇರೆಡೆಗೆ ಹೋಗುತ್ತದೆ, ಎಲ್ಲಿಗೆ ಅನ್ನುವುದು ಮೊದಲೇ ಗೊತ್ತು. 250 ಮುಟ್ಟಿದವರು ಗೆದ್ದರು. ನಾನು ಹೊಳೆಯುವ ಚೌಕದಲ್ಲೇ ಕಾದಾಡುತ್ತಿದ್ದೆ. ಅಳಿಯ ಇಪ್ಪತ್ತು ಸೆಕೆಂಡ್ ಇರುವಾಗಲೇ ಮುಂದಿನ ಜಾಗಕ್ಕೆ ಹೊರಟುಬಿಡುತ್ತಿದ್ದ. ಕೆಂಪು ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕಿದ ಹಾಗೆ. ಅದೂ ಸಾಲದು. ಸತ್ತವರು ಮತ್ತೆ ಎಲ್ಲಿ ಹುಟ್ಟುತ್ತಾರೆ ಅನ್ನುವುದು ಬದುಕಿರುವವರು ಎಲ್ಲಿ ನಿಂತಿದ್ದಾರೆ ಅನ್ನುವುದರ ಮೇಲೆ ನಿಂತಿದೆ. ಹಾಗಾಗಿ ನಾಲ್ವರಲ್ಲಿ ಒಬ್ಬ ಜಗಳಕ್ಕೇ ಬರದೆ ಹಿಂದೆ ಒಂದು ಮೂಲೆಯಲ್ಲಿ ನಿಂತಿರುತ್ತಾನೆ. ಅವನಿಗೆ ಆ್ಯಂಕರ್ ಅನ್ನುತ್ತಾರೆ. ಅವನ ಲೆಕ್ಕಕ್ಕೆ ಕಿಲ್ ಕಡಿಮೆ ಬರುತ್ತದೆ. ಆದರೆ ಅವನು ಜಾಗ ಬಿಟ್ಟರೆ ಇಡೀ ತಂಡ ತಪ್ಪು ಕಡೆ ಹುಟ್ಟುತ್ತದೆ.

"ನಮ್ಮ ಆ್ಯಂಕರ್ ಪರ್ತ್‌ನವನು. ಅವನ ಪಿಂಗ್ ಜಾಸ್ತಿ ಅಲ್ವಾ ಮಾಮ, ಮುಂದೆ ನುಗ್ಗಿದ್ರೆ ಮೊದಲು ಸಾಯ್ತಾನೆ. ಅದಕ್ಕೆ ಹಿಂದೆ ನಿಲ್ಲಿಸಿದ್ದು."

ಒಂದು ಹುಡುಗನ ಆಟದ ಸ್ವಭಾವವನ್ನೇ ಅವನ ಊರು ನಿರ್ಧರಿಸಿಬಿಟ್ಟಿತ್ತು.

ಗುರುವಾರ, ಏಪ್ರಿಲ್ 25

ಆನ್ಜಾಕ್ ದಿನ. 1915ರಲ್ಲಿ ಇದೇ ದಿನ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನ ಸೈನಿಕರು ಗಲಿಪೊಲಿಯ ತೀರದಲ್ಲಿ ಇಳಿದರು. ಭಾವ ಕತ್ತಲಲ್ಲೇ ಎಬ್ಬಿಸಿ ಶ್ರೈನ್ ಆಫ್ ರಿಮೆಂಬ್ರೆನ್ಸ್‌ಗೆ ಕರೆದೊಯ್ದರು. ಚಳಿ. ಸಾವಿರಾರು ಜನ, ಎದೆಯ ಮೇಲೆ ತಾತ ಮುತ್ತಾತಂದಿರ ಪದಕ ಧರಿಸಿದವರು. ಕಹಳೆ ಊದಿದರು. ಆಮೇಲೆ ಮೌನ. ಗಲಿಪೊಲಿಯಲ್ಲಿ ಸಾವಿರಾರು ಭಾರತೀಯ ಸೈನಿಕರೂ ಇದ್ದರು. ಅದೇ ಮಹಾಯುದ್ಧದಲ್ಲಿ ನಮ್ಮ ಮೈಸೂರು ಲಾನ್ಸರ್ಸ್ 1918ರಲ್ಲಿ ಹೈಫಾದಲ್ಲಿ ಕುದುರೆ ಮೇಲೆ ಹೋರಾಡಿದವರು. ಭಾವನಿಗೆ ಅದನ್ನು ಪಿಸುಮಾತಲ್ಲಿ ಹೇಳಿದೆ.

ಅಳಿಯನೂ ಬಂದಿದ್ದ. ಬ್ಯಾಟಲ್‌ಫೀಲ್ಡ್ 1 ಅನ್ನುವ ಶೂಟರ್‌ನಲ್ಲಿ ಗಲಿಪೊಲಿಯ ಒಂದು ಅಧ್ಯಾಯ ಇದೆ, ಸಂದೇಶ ಹೊತ್ತು ಓಡುವ ಆಸ್ಟ್ರೇಲಿಯಾದ ಸೈನಿಕನದು. 2016ರ ಆಟ. ಅವನು ಗಲಿಪೊಲಿಯನ್ನು ಮೊದಲು ಕಂಡದ್ದು ಅದರಲ್ಲಂತೆ, ಆಮೇಲೆ ಪುಸ್ತಕ ಹುಡುಕಿ ಓದಿದನಂತೆ. ಯುದ್ಧದ ಆಟ ಆಡುವವರು ಯುದ್ಧವನ್ನು ಹಗುರ ಮಾಡುತ್ತಾರೆ ಎಂದು ಹೇಳುವವರು ಇದ್ದಾರೆ. ಅವರ ಆತಂಕ ನನಗೆ ಗೊತ್ತು, ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಅವತ್ತು ಬೆಳಿಗ್ಗೆ ಅಳಿಯ ಟೋಪಿ ತೆಗೆದು ನಿಂತದ್ದನ್ನೂ ಕಂಡಿದ್ದೇನೆ.

ಮಧ್ಯಾಹ್ನ ಎಂಸಿಜಿಯಲ್ಲಿ ಕಾಲಿಂಗ್‌ವುಡ್ ಮತ್ತು ಎಸೆಂಡನ್ ತಂಡಗಳ ಆಸ್ಟ್ರೇಲಿಯನ್ ಫುಟ್‌ಬಾಲ್ ಪಂದ್ಯ. 1995ರಿಂದ ಆನ್ಜಾಕ್ ದಿನದ ಪದ್ಧತಿ. ಟಿವಿಯಲ್ಲಿ ನೋಡಿದೆವು. ಡ್ರಾ ಆಯಿತು. ಭಾವ ಎಸೆಂಡನ್ ಕಡೆಯವರು, ರಾತ್ರಿಯವರೆಗೂ ಅದೇ ಮಾತು.

ಶುಕ್ರವಾರ, ಡ್ರೀಮ್‌ಹ್ಯಾಕ್

ಆಸ್ಟ್ರೇಲಿಯನ್ ಓಪನ್ ಟೆನಿಸ್ ನಡೆಯುವ ಮೆಲ್ಬರ್ನ್ ಪಾರ್ಕ್‌ನಲ್ಲಿ ಡ್ರೀಮ್‌ಹ್ಯಾಕ್ ಗೇಮಿಂಗ್ ಹಬ್ಬ. ದೊಡ್ಡ ವೇದಿಕೆ ಕೌಂಟರ್ ಸ್ಟ್ರೈಕ್‌ಗೆ. ಜನ ತಮ್ಮ ಕಂಪ್ಯೂಟರನ್ನು ಮನೆಯಿಂದ ಹೊತ್ತು ತಂದು ಹಾಲ್‌ನಲ್ಲಿ ಸಾಲಾಗಿ ಇಟ್ಟು, ರಾತ್ರಿಯೂ ಆಡುತ್ತಾರೆ. ಕಾಸ್ಪ್ಲೇ, ಸ್ಟಿಕರ್ ಅಂಗಡಿ, ನೂಡಲ್ಸ್, ಕಿವಿ ತುಂಬುವ ಸದ್ದು. ನನಗೆ ಇದೆಲ್ಲ ಬೇಗ ಸಾಕಾಯಿತು.

ಅವತ್ತಿನ ನಿಜವಾದ ಘಟನೆ ಬೇರೆ. ಪರ್ತ್ ಹುಡುಗ ವಿಮಾನದಲ್ಲಿ ಬಂದಿಳಿದಿದ್ದ. ನಾಲ್ಕು ವರ್ಷ ಪ್ರತಿ ರಾತ್ರಿ ಕಿವಿಯಲ್ಲಿ ಮಾತಾಡಿದವರು, ಮುಖಾಮುಖಿ ನೋಡಿದ್ದು ಅವತ್ತೇ. ಗೇಟಿನ ಹತ್ತಿರ ನಾಲ್ವರೂ ಒಂದು ಗಳಿಗೆ ಏನೂ ಮಾತಾಡಲಿಲ್ಲ. ಆಮೇಲೆ ಪರ್ತ್‌ನವನು ಬಾಯಿ ತೆರೆದ. ಧ್ವನಿ ಕೇಳಿದ್ದೇ ತಡ, ಮೂವರೂ ನಕ್ಕು ತಬ್ಬಿಕೊಂಡರು. ಅವನಿಗೆ 20 ವರ್ಷ, ತುಂಬಾ ಸಣಕಲು, ಎಲೆಕ್ಟ್ರಿಷಿಯನ್ ಕೆಲಸ ಕಲಿಯುತ್ತಿದ್ದಾನೆ.

ಶನಿವಾರ, ಪಾಯಿಂಟ್ ಕುಕ್

ಅಕ್ಕನ ಮನೆ ಪಾಯಿಂಟ್ ಕುಕ್‌ನಲ್ಲಿ. ಕಾರು ಹೊರಗೆ ನಿಲ್ಲಿಸಿ ಗ್ಯಾರೇಜ್ ಖಾಲಿ ಮಾಡಿದೆವು. ಎರಡು ಉದ್ದ ಮೇಜು, ಎಂಟು ಮಾನಿಟರ್. ಎದುರಾಳಿಗಳು ಜೀಲಾಂಗ್‌ನ ಹುಡುಗರು, ಇವರ ಹಳೇ ಪರಿಚಯ. ವಿದ್ಯುತ್ ತಂತಿ ಎಳೆಯುವ ಕೆಲಸವನ್ನೆಲ್ಲ ಪರ್ತ್‌ನವನೇ ವಹಿಸಿಕೊಂಡ. ಎಲ್ಲವನ್ನೂ ಒಂದೇ ಪ್ಲಗ್‌ಗೆ ಚುಚ್ಚಬೇಡಿ ಎಂದು ಅಡುಗೆಮನೆಯಿಂದಲೂ ಒಂದು ಲೈನ್ ತಂದ.

ಬೆಳಿಗ್ಗೆ ಆಗಿನ ಹೊಸ ಕಾಲ್ ಆಫ್ ಡ್ಯೂಟಿ, ಮಾಡರ್ನ್ ವಾರ್‌ಫೇರ್ 3. ಎಂಟೂ ಜನ ಒಂದೇ ಮನೆಯ ಇಂಟರ್ನೆಟ್‌ನಲ್ಲಿ, ಹಾಗಾಗಿ ಎಂಟೂ ಜನಕ್ಕೆ ಒಂದೇ ಪಿಂಗ್. ಐದರಲ್ಲಿ ಮೂರು ಗೆಲ್ಲಬೇಕು. ಮೊದಲ ಹಾರ್ಡ್‌ಪಾಯಿಂಟ್ ಸೋತರು. ಪರ್ತ್‌ನವನು ಅಭ್ಯಾಸಬಲದಿಂದ ಹಿಂದೆಯೇ ನಿಂತಿದ್ದ.

ಎರಡನೆಯದು ಸರ್ಚ್ ಆ್ಯಂಡ್ ಡಿಸ್ಟ್ರಾಯ್. ಒಂದು ಸುತ್ತಿಗೆ ಒಂದೇ ಜೀವ, ಒಂದೂವರೆ ನಿಮಿಷ. ಆರು ಸುತ್ತು ಗೆದ್ದವರಿಗೆ ಮ್ಯಾಪ್, ಅಂದರೆ ಸರಣಿಯ ಆ ಪಂದ್ಯ. ಇಲ್ಲಿ ಗ್ಯಾರೇಜ್ ಇದ್ದಕ್ಕಿದ್ದಂತೆ ಸ್ತಬ್ಧವಾಗುತ್ತದೆ. ಸತ್ತವರು ಹೆಡ್‌ಸೆಟ್ ಮುಟ್ಟಿಕೊಂಡು ಉಸಿರು ಹಿಡಿದು ಕೂರುತ್ತಾರೆ. 4-4 ಆಯಿತು. ಮುಂದಿನ ಸುತ್ತಿನಲ್ಲಿ ಇವರ ಕಡೆ ಉಳಿದದ್ದು ಪರ್ತ್‌ನವನೊಬ್ಬ, ಎದುರು ಇಬ್ಬರು. ಅವನು ಕಾಯಲಿಲ್ಲ. ಮೂಲೆಯಿಂದ ಜಾರಿಕೊಂಡು ಹೊರಬಂದು ಒಬ್ಬನನ್ನು ಹೊಡೆದ, ತಿರುಗಿ ಇನ್ನೊಬ್ಬನನ್ನೂ. ಎರಡು ಸೆಕೆಂಡ್ ಇರಬಹುದು. ಅಳಿಯ ಕುರ್ಚಿಯಿಂದ ಹಾರಿದ ರಭಸಕ್ಕೆ ಹೆಡ್‌ಸೆಟ್‌ನ ವೈರು ಕಿತ್ತು ಬಂತು. ಆ ಮ್ಯಾಪ್ 6-4ಕ್ಕೆ ಇವರದಾಯಿತು, ಸರಣಿ 3-1ಕ್ಕೆ.

ಪಂದ್ಯ ಮುಗಿದ ಮೇಲೆ ಅವನು ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದ. ಇಷ್ಟು ದಿನ ನಾನು ನಿಧಾನದವನು ಅಂದುಕೊಂಡಿದ್ದೆ, ಎಂದ. ನಾನು ಏನೂ ಹೇಳಲಿಲ್ಲ. ಸಿಂಗಪುರದ ಸರ್ವರ್‌ನಲ್ಲಿ ಆಡಿದ ನನ್ನ ಎಲ್ಲ ರಾತ್ರಿಗಳೂ ನೆನಪಾದವು.

ಮಧ್ಯಾಹ್ನ ಅಕ್ಕ ಬಿಸಿಬೇಳೆಬಾತ್ ಮಾಡಿ ದೊಡ್ಡ ಪಾತ್ರೆಯಲ್ಲಿ ಗ್ಯಾರೇಜಿಗೇ ತಂದಳು. ಜೀಲಾಂಗ್ ಹುಡುಗರು ಮೂರು ಸಲ ಹಾಕಿಸಿಕೊಂಡರು.

ರಾತ್ರಿ ನನಗೋಸ್ಕರ ಹಳೇ ಪ್ಲೇಸ್ಟೇಷನ್ 4ಗಳನ್ನು ಜೋಡಿಸಿದರು. ಎಲ್ಲೆಲ್ಲಿಂದಲೋ ಕೇಳಿ ತಂದ ಎಂಟು ಪೆಟ್ಟಿಗೆ, ಬ್ಲ್ಯಾಕ್ ಆಪ್ಸ್ 3ರ ಡಿಸ್ಕ್‌ಗಳು. ಇಂಟರ್ನೆಟ್ ಬೇಡ, ನಡುವೆ ಒಂದು ನೆಟ್‌ವರ್ಕ್ ಸ್ವಿಚ್, ಎಂಟು ಕೇಬಲ್. 2016ರಲ್ಲಿ ಮೈಂಡ್‌ಫ್ರೀಕ್ ಆಡಿದ್ದು ಇದೇ ಆಟವನ್ನು, ಇದೇ ಪೆಟ್ಟಿಗೆಯಲ್ಲಿ. ಫ್ರಿಂಜ್ ಮ್ಯಾಪ್, ಹಾರ್ಡ್‌ಪಾಯಿಂಟ್. ಗುಂಡಿ ಒತ್ತಿದ ಕ್ಷಣವೇ ಗುಂಡು ತಗಲುತ್ತದೆ. ನಾನು ಮೊದಲ ಬಾರಿ ಗೋಡೆಯ ಹಿಂದೆ ಹೋದ ಮೇಲೆ ಸಾಯಲಿಲ್ಲ. ಹುಡುಗರಿಗೆ ಮೈಂಡ್‌ಫ್ರೀಕ್‌ನ ಕೊಲಂಬಸ್ ದಿನಗಳ ಬಗ್ಗೆ ಹೇಳಿದೆ. ಅವರಿಗೆ ಆಗ ಹದಿಮೂರು, ಹದಿನೈದು ವಯಸ್ಸು. ಅಳಿಯನಿಗೆ ಹೆಸರು ಗೊತ್ತಿತ್ತು, ಕಥೆ ಗೊತ್ತಿರಲಿಲ್ಲ. ಪರ್ತ್‌ನವನು ಮಾತ್ರ ಸ್ಕೂಲಿಗೆ ಹೊರಡುವ ಮುಂಚೆ ಮರುಪ್ರಸಾರ ನೋಡುತ್ತಿದ್ದನಂತೆ. ಇಬ್ಬರೂ ಕೂತು ಹಳೇ ಪಂದ್ಯಗಳ ಮಾತಾಡಿದೆವು, ಎರಡು ಗಂಟೆ ದಾಟಿತು.

ಭಾನುವಾರ

ತಿಂಡಿಗೆ ಅವಲಕ್ಕಿ. ಹುಡುಗರು ಮೇಜಿನ ಸುತ್ತ ಒಂದು ಹಾಳೆ ಹಿಡಿದು ಕೂತಿದ್ದರು. ಅಮೆರಿಕದಲ್ಲಿ ಲೀಗ್‌ನ ದೊಡ್ಡ ಪಂದ್ಯಗಳ ಜೊತೆಗೆ ಚಾಲೆಂಜರ್ಸ್ ಓಪನ್ ಟೂರ್ನಿ ನಡೆಯುತ್ತದೆ. ತಂಡ ಕಟ್ಟಿಕೊಂಡು ಹೆಸರು ಕೊಟ್ಟವರು ಅಲ್ಲಿ ಹೋಗಿ ಆಡಬಹುದು. ಎರಡು ಸರಣಿ ಸೋತರೆ ಹೊರಗೆ. ವಿಮಾನ, ವೀಸಾ, ಹೋಟೆಲ್, ಎಲ್ಲ ಸ್ವಂತ ಖರ್ಚು.

ಅಕ್ಕ ಲೆಕ್ಕ ನೋಡಿ ಕೇಳಿದಳು: "ಅಷ್ಟು ದೂರ ಹೋಗಿ, ಮೊದಲನೇ ದಿನಾನೇ ಎರಡೂ ಸೋತ್ರೆ ಏನೋ ಮಾಡ್ತೀರಾ?"

"ಅದಕ್ಕೇ ಹತ್ತು ದಿನ ಮುಂಚೆ ಹೋಗ್ತೀವಮ್ಮ. ಅಲ್ಲಿ ದಿನಾ ಅಮೆರಿಕದ ಟೀಮ್‌ಗಳ ಜೊತೆ ಪ್ರಾಕ್ಟೀಸ್ ಆಡಬಹುದು. ಇಲ್ಲಿ ಕೂತು ಹತ್ತು ವರ್ಷ ಆಡಿದ್ರೂ ಅದು ಸಿಗಲ್ಲ."

ಭಾವ ಕನ್ನಡಕ ಹಾಕಿಕೊಂಡು ಹಾಳೆ ಎಳೆದುಕೊಂಡರು. ಹೋಟೆಲ್ ಬೇಡ, ನಾಲ್ವರಿಗೆ ಒಂದು ಮನೆ ಬಾಡಿಗೆಗೆ ತಗೊಳ್ಳಿ, ಇಂಟರ್ನೆಟ್ ಹೇಗಿದೆ ಅಂತ ಮೊದಲೇ ಕೇಳಿ ಎಂದರು. ಒಂದು ಟಿಕೆಟ್‌ನ ದುಡ್ಡು ನಾನು ಕೊಡ್ತೀನಿ ಎಂದೆ, ಕನ್ನಡದಲ್ಲಿ. "ಬೇಡ ಮಾಮ" ಅಂದ ಅಳಿಯ. ಪರ್ತ್‌ನವನು ಏನು ಹೇಳಿದರು ಎಂದು ಕೇಳಿದ. ಅಳಿಯ ಇಂಗ್ಲಿಷಿನಲ್ಲಿ ಹೇಳಿದ. ಅವನು ತಟ್ಟೆ ಕೆಳಗಿಟ್ಟು, ದಯವಿಟ್ಟು ಬೇಡ ಅನ್ನಬೇಡ ಕಣೋ, ಅಂದ.